ಕ್ಯಾಲೆಂಡರಿನ ಬಲಮೂಲೆಯ ಲಾಡ್ಲೆಸಾಬ

ಖಜೂರಿಯ ಲಾಡ್ಲೆಸಾಬ ಬದುಕಿನ ಅರ್ಧವನ್ನು ನೆಲಕ್ಕೂ ಆಕಾಶಕ್ಕೂ ನಡುವಿನ ಅಂತರದಲ್ಲೇ ಕಳೆದವನು. ಹದಿನೇಳನೆಯ ವಯಸ್ಸಿಗೆ ಗಡಿ ದಾಟಿ ಸೋಲಾಪುರಕ್ಕೆ ಹೋಗಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಗಿರಣಿಯ ಚಿಮಣಿಗೆ ಬಣ್ಣ ಬಳಿಯುವುದನ್ನು ಕಲಿತ. ಆಮೇಲೆ ಅಫಜಲಪುರ ತಾಲೂಕಿನ ಅತನೂರ ದಾಟಿದರೆ ಸಿಗುವ ಒಂದು ಸಕ್ಕರೆ ಕಾರ್ಖಾನೆಗೆ ಬಂದು ಸೇರಿದ. ಸೇರಿದ ಎಂದರೆ ಕಾರ್ಖಾನೆ ಒಪ್ಪುವುದಿಲ್ಲ; ಕಾಗದದ ಪ್ರಕಾರ ಅವನು ಗುತ್ತಿಗೆದಾರನ ಮನುಷ್ಯ. ಹತ್ತೊಂಬತ್ತು ವರ್ಷ ಒಂದೇ ಗೇಟಿನಿಂದ ಒಳಗೆ ಹೋದರೂ ಒಳಗಿನವನಾಗದೆ ಉಳಿಯುವುದು ಹೇಗೆಂಬ ವಿದ್ಯೆಯನ್ನು ನಮ್ಮ ಕಾರ್ಖಾನೆಗಳೇ ಕಲಿಸಬೇಕು.

ಅಲ್ಲಿ ಮೇಲಧಿಕಾರಿಗಳು ಹನ್ನೊಂದು ಮಂದಿ. ಮೇಲೆ ಹತ್ತುತ್ತಿದ್ದವನು ಲಾಡ್ಲೆಸಾಬ ಒಬ್ಬನೇ. ಛಾವಣಿಯ ತಗಡು ಹಾರಿದರೆ, ಕಂಬದ ದೀಪ ಕೆಟ್ಟರೆ, ರಸದ ಪೈಪು ಸೋರಿದರೆ ಅವನೇ. ಮೊದಲೆಲ್ಲ ಏಣಿ, ಬಿದಿರು. ಆರು ವರ್ಷದ ಹಿಂದೆ ಪುಣೆಯಿಂದ ಯಾರೋ ಬಳಸಿ ಬಿಟ್ಟ ಬೂಮ್ ಲಿಫ್ಟ್ ಬಂತು. ನಾಲ್ಕು ಗಾಲಿ, ಆನೆಯ ಸೊಂಡಿಲಿನಂಥ ಉದ್ದ ತೋಳು, ತೋಳಿನ ತುದಿಗೆ ಇಬ್ಬರು ನಿಲ್ಲುವಷ್ಟು ಕಬ್ಬಿಣದ ಬುಟ್ಟಿ. ಕಾರ್ಖಾನೆಯ ಮಂದಿ ಅದನ್ನು ಬುಟ್ಟಿಗಾಡಿ ಎಂದರು. ಆ ಗಾಡಿಗೆ ಒಂದು ಒಳ್ಳೆಯ ಗುಣವಿತ್ತು: ನೆಲ ಸಮವಿಲ್ಲದೆ ಚೂರು ವಾಲಿದರೂ ಕಿವಿ ಹರಿಯುವಂತೆ ಚೀರುತ್ತಿತ್ತು. ತಪ್ಪು ಕಂಡ ಕೂಡಲೇ ಬಾಯಿ ಬಿಡುವ ಜೀವ ಆ ಕಾರ್ಖಾನೆಯಲ್ಲಿ ಅದೊಂದೇ.

ಕೆಳಗೆ ನಿಂತು ಲೀವರ್ ಎಳೆಯುತ್ತಿದ್ದವನು ಅತನೂರಿನ ಜೈಭೀಮ, ಮೂವತ್ತೆರಡರವನು. ಇಬ್ಬರ ನಡುವೆ ಒಂದು ಕಟ್ಟಳೆ ಇತ್ತು. ಲಾಡ್ಲೆಸಾಬ ಬುಟ್ಟಿಯಲ್ಲಿ ನಿಂತು ಸುರಕ್ಷತಾ ಬೆಲ್ಟಿನ ಹಗ್ಗದ ಕೊಂಡಿಯನ್ನು ಬುಟ್ಟಿಯ ಕಬ್ಬಿಣದ ಬಳೆಗೆ ಸಿಗಿಸಿ, ಮೂರು ಸಲ ಜಗ್ಗಿ ನೋಡಿ, ಕೂಗುತ್ತಿದ್ದ:

"ಲೇ ಜೈಭೀಮ, ಕೊಂಡಿ ಹಾಕೇನಿ."

"ಹಾಕೀರಿ ಮಾಮಾ, ಎತ್ತತೇನಿ."

ಈ ಎರಡು ಮಾತು ಆಗದೆ ಲೀವರ್ ಅಲುಗುತ್ತಿರಲಿಲ್ಲ. ಆರು ವರ್ಷದಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ.

ಬೆಲ್ಟು ಲಾಡ್ಲೆಸಾಬನ ಸ್ವಂತದ್ದು. ಕಾರ್ಖಾನೆಯಲ್ಲಿ ಬೆಲ್ಟ್ ಇರಲಿಲ್ಲವೆಂದಲ್ಲ. ಹನ್ನೆರಡು ಹೊಸ ಬೆಲ್ಟುಗಳು ಗಾಜಿನ ಕಪಾಟಿನಲ್ಲಿ ಬೀಗದೊಳಗಿದ್ದವು. ಬೀಗದ ಕೈ ಸುರಕ್ಷತಾ ಅಧಿಕಾರಿ ಕಲ್ಯಾಣಕುಮಾರನ ಜೇಬಿನಲ್ಲಿ. ಕೇಳಿದರೆ, "ಹೊಸಾವು ಅದಾವ ಮಾರಾಯಾ, ಹೊಲಸಾಗ್ತಾವ" ಎನ್ನುತ್ತಿದ್ದ. ಸರ್ಕಾರದವರು ತಪಾಸಣೆಗೆ ಬಂದ ದಿನ ಅವು ಹೊರಬಂದು, ಫೋಟೋ ಹೊಡೆಸಿಕೊಂಡು, ಒರೆಸಿಸಿಕೊಂಡು ಒಳಗೆ ಹೋಗುತ್ತಿದ್ದವು. ದಸರೆಯ ಖಂಡೆಪೂಜೆಗೆ ಹನ್ನೆರಡಕ್ಕೂ ಸಾಲಾಗಿ ಕುಂಕುಮ. ಬೆಲ್ಟಿನ ಮೇಲೆ ವರ್ಷಕ್ಕೊಮ್ಮೆ ಕುಂಕುಮ ಬೀಳುತ್ತಿತ್ತು. ಬೆಲ್ಟು ಯಾರ ಹೆಗಲ ಮೇಲೂ ಬೀಳುತ್ತಿರಲಿಲ್ಲ. ಸುರಕ್ಷತಾ ಅಧಿಕಾರಿ ಎಂಬ ಹುದ್ದೆಯಲ್ಲಿ ಸುರಕ್ಷಿತವಾಗಿದ್ದದ್ದು ಅಧಿಕಾರ ಮಾತ್ರ.

ಹಾಗಾಗಿ ಲಾಡ್ಲೆಸಾಬ ಸೋಲಾಪುರದ ಗುಜರಿಯಲ್ಲಿ ಒಂದು ಗಟ್ಟಿ ಬೆಲ್ಟ್ ಆರಿಸಿ ತಂದಿದ್ದ. ಅದರ ಪಟ್ಟಿ ಹೆಗಲು ಉಜ್ಜುತ್ತದೆಂದು ಹೆಂಡತಿ ಗೌಸಿಯಾಬೇಗಂ, ಆಳಂದದ ದರ್ಗಾದಿಂದ ಬಂದ ಹಳೆಯ ಹಸಿರು ಮಖಮಲ್ಲಿನ ಚಾದರಿನ ತುಂಡನ್ನು ಎರಡೂ ಭುಜಕ್ಕೆ ಹೊಲಿದುಕೊಟ್ಟಿದ್ದಳು. ದೂರದಿಂದ ನೋಡಿದರೆ ಭುಜದ ಮೇಲೆ ಎರಡು ಗಿಳಿ ಕೂತಂತೆ ಕಾಣುತ್ತಿತ್ತು.

ಇನ್ನು ಅಧ್ಯಕ್ಷರು. ಅವರನ್ನು ಎಲ್ಲರೂ ಸಾಹುಕಾರರೆಂದೇ ಕರೆಯುತ್ತಿದ್ದರು. ಸಕ್ಕರೆ ಮಾಡುವವರಿಗೆ ಅಕ್ಕರೆಯೂ ಇರಬೇಕೆಂದು ಯಾರೂ ನಿರೀಕ್ಷಿಸಬಾರದು. ಬೆಲ್ಲದ ಅಂಗಡಿಯವನ ಮಾತು ಖಾರವಿರುವುದನ್ನು ನಾವು ನೋಡಿಯೇ ಇದ್ದೇವೆ. ಆ ವರ್ಷ ಸಾಹುಕಾರರಿಗೆ ಒಂದು ವ್ಯಥೆ ಹತ್ತಿಕೊಂಡಿತ್ತು. ಜೇವರ್ಗಿಯಲ್ಲಿ ಅವರ ಎದುರಾಳಿಯೊಬ್ಬನಿಗೆ ನಾಲ್ಕು ಜೆಸಿಬಿ ನಿಲ್ಲಿಸಿ ಹೂ ಸುರಿದಿದ್ದರು. ಆ ವಿಡಿಯೋ ಸುತ್ತಲ ಮೂರು ತಾಲೂಕಿನ ಮೊಬೈಲಿನಲ್ಲಿ ಓಡಾಡಿತ್ತು. ಸಾಹುಕಾರರು ಎರಡು ದಿನ ರೊಟ್ಟಿ ಸರಿಯಾಗಿ ತಿನ್ನಲಿಲ್ಲ.

"ಜೆಸಿಬಿ ಅಂದ್ರ ನೆಲ ಕೆರಿಯೂದ್ರಿ," ಎಂದು ಕಲ್ಯಾಣಕುಮಾರ ಸಮಾಧಾನ ಹೇಳಿದ. "ನಿಮ್ಮ ಮ್ಯಾಲ ಹೂ ಬಿದ್ರ ಆಕಾಶದಿಂದ ಬೀಳಬೇಕು. ನಮ್ಮಲ್ಲಿ ಬುಟ್ಟಿಗಾಡಿ ಅದ."

ಹೀಗೆ, ನವೆಂಬರಿನಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಗುವ ದಿನ, ಲಾಡ್ಲೆಸಾಬನಿಗೆ ಮೂರು ಚೀಲ ಚೆಂಡುಹೂವಿನ ಕೆಲಸ ಬಿತ್ತು.

ವೇದಿಕೆಯ ಮುಂದೆ ಕೆಂಪು ಕಾರ್ಪೆಟ್ ಹಾಸಿತ್ತು. ಗಾಡಿ ನಿಲ್ಲಬೇಕಾದದ್ದು ಅದರ ಅಂಚಿನಲ್ಲಿ. ಜೈಭೀಮ ಕಾಲಿನಿಂದ ಒತ್ತಿ ನೋಡಿದ.

"ಸಾಹೇಬ್ರ, ಇಲ್ಲಿ ಕೇಬಲ್ ಹಾಕಾಕ ತೆಗ್ಗ ತೆಗದಿದ್ರು. ಹೋದ ತಿಂಗಳ ಮುಚ್ಯಾರ. ಕರಿಮಣ್ಣು, ಮಳಿ ನೀರು ಕುಡದದ. ಗಾಲಿ ಕೆಳಗ ಕಬ್ಬಿಣದ ಪ್ಲೇಟ್ ಹಾಕಬೇಕ್ರಿ."

"ಪ್ಲೇಟ್ ಹಾಕಿದ್ರ ಕಾರ್ಪೆಟ್ ಉಬ್ಬತದ ಲೇ," ಎಂದ ಕಲ್ಯಾಣಕುಮಾರ. "ಸಾಹುಕಾರ್ರು ಎಡವಿದ್ರ ಯಾರ ಹೊಣಿ?"

"ಮತ್ತ ಗಾಡಿ ಎಡವಿದ್ರ?"

"ಗಾಡಿಗೆ ವೋಟ್ ಇಲ್ಲ."

ಬೆಳಿಗ್ಗೆ ಒಂದು ಸಲ ಎತ್ತಿ ಇಳಿಸಿ ನೋಡಿದರು. ಬುಟ್ಟಿ ಅರ್ಧ ಏರುವಷ್ಟರಲ್ಲಿ ಗಾಡಿ ಚೀರಿತು. ಇಳಿಸಿದರು, ಸುಮ್ಮನಾಯಿತು. ಏರಿಸಿದರು, ಚೀರಿತು. ಬುದ್ಧಿ ಇದ್ದವನು ಇದರಿಂದ ನೆಲದ ಬಗ್ಗೆ ಏನಾದರೂ ತಿಳಿದುಕೊಳ್ಳುತ್ತಿದ್ದ. ಕಲ್ಯಾಣಕುಮಾರ ಇಲೆಕ್ಟ್ರಿಷಿಯನ್ನನ್ನು ಕರೆದು, "ಸಾಹುಕಾರ್ರು ಭಾಷಣ ಮಾಡುಮುಂದ ಇದು ಅಳಬಾರ್ದು. ವೈರ್ ತಗಿ" ಎಂದ. ವೈರು ಹೊರಬಂತು. ಅದರ ತುದಿಗೆ ಕಪ್ಪು ಟೇಪು ಸುತ್ತಿದರು.

ಲಾಡ್ಲೆಸಾಬ ಚೀಲ ಕೆಳಗಿಟ್ಟ. "ವೈರ್ ತಗದ್ರ ನಾ ಹತ್ತಂಗಿಲ್ಲ ಸಾಹೇಬ್ರ."

"ಹತ್ತಬ್ಯಾಡ. ಗೇಟಿನಾಗ ನಿನ್ನ ಪಾಸ್ ಕೊಟ್ಟು ಹೋಗು. ಹತ್ತು ಮಿನಿಟಿನ ಕೆಲಸಕ್ಕ ಹತ್ತೊಂಬತ್ತು ವರ್ಷದ ಕೆಲಸ ಬಿಡತೇನಿ ಅಂದ್ರ ನಾ ಏನ್ ಮಾಡ್ಲಿ?"

ಲಾಡ್ಲೆಸಾಬ ಹತ್ತಿದ. ಕೊಂಡಿ ಸಿಗಿಸಿದ, ಮೂರು ಸಲ ಜಗ್ಗಿದ, ಕೂಗಿದ. ಜೈಭೀಮ ಉತ್ತರ ಕೊಟ್ಟ. ಬುಟ್ಟಿ ಮೂವತ್ತು ಅಡಿ ಮೇಲೆ ಹೋಯಿತು.

ಮೊದಲ ಚೀಲ ಚೆನ್ನಾಗಿ ಬಿತ್ತು. ಎರಡನೆಯ ಚೀಲದ ಹೊತ್ತಿಗೆ ಎಡಗಡೆಯ ಮುಂದಿನ ಗಾಲಿ ಮೆಲ್ಲಗೆ ಮಣ್ಣು ತಿನ್ನತೊಡಗಿತ್ತು, ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದ ಗಾಡಿಯ ಬಾಯಿಗೆ ಟೇಪು ಸುತ್ತಿತ್ತು. ಮೂರನೆಯ ಚೀಲದ ಬಾಯಿ ಬಿಚ್ಚುವಾಗ ಕಾರ್ಪೆಟ್ಟಿನ ಕೆಳಗಿನ ತೆಗ್ಗು ಒಮ್ಮೆಲೇ ಕುಸಿಯಿತು. ನೆಲದಲ್ಲಿ ಗೇಣು ಕುಸಿದದ್ದು ಮೇಲಿನ ಬುಟ್ಟಿಯಲ್ಲಿ ಮಾರುದ್ದ. ಕವಣೆಯಿಂದ ಬಿಟ್ಟ ಕಲ್ಲಿನಂತೆ ಲಾಡ್ಲೆಸಾಬ ಹೊರಕ್ಕೆ ಹಾರಿದ. ಹಾರ ಹಾಕಿಸಿಕೊಳ್ಳುವವರು ಕೆಳಗೆ, ಹಾರುವವನು ಮೇಲೆ. ಕೊಂಡಿ ಹಿಡಿಯಿತು. ಬೆಲ್ಟು ತಡೆಯಿತು. ಜೋಲಿ ಹೊಡೆದು ಪೆಂಡಾಲಿನ ಕಬ್ಬಿಣದ ಕಂಬಕ್ಕೆ ಸೊಂಟ ಬಡಿದು ಅಲ್ಲೇ ನೇತಾಡಿದ. ಚೀಲ ಪೂರಾ ಒಮ್ಮೆಗೇ ಸಾಹುಕಾರರ ಮೇಲೆ ಸುರಿಯಿತು.

ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದ ಸಾಹುಕಾರರು ಜನರ ಭಕ್ತಿ ಏಕಾಏಕಿ ಹೆಚ್ಚಾಯಿತೆಂದುಕೊಂಡರು. ಮುಂದಿನ ಸಾಲು ಚಪ್ಪಾಳೆ ತಟ್ಟಿತು.

ಈ ಕಾರ್ಖಾನೆಯಲ್ಲಿ ಬೀಳುವುದು ಹೊಸದೇನಲ್ಲ. ಮ್ಯಾನೇಜರಿನಿಂದ ಹಿಡಿದು ಜವಾನನವರೆಗೆ ಎಲ್ಲರೂ ಸಾಹುಕಾರರ ಕಾಲಿಗೆ ಬೀಳುವವರೇ. ಲಾಡ್ಲೆಸಾಬನ ತಪ್ಪೆಂದರೆ ಕಾಲು ಬಿಟ್ಟು ಬೇರೆ ಕಡೆ ಬಿದ್ದದ್ದು. ಜೈಭೀಮ ಬುಟ್ಟಿ ಇಳಿಸಿ, ಅವನನ್ನು ಬಿಚ್ಚಿ, ಜೀಪಿನ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿ ಕಲಬುರಗಿಗೆ ಒಯ್ದ. ವೇದಿಕೆಯ ಮೇಲೆ ಭಾಷಣ ನಲವತ್ತು ನಿಮಿಷ ನಡೆಯಿತು. ವಿಷಯ: ಕಾರ್ಮಿಕರೇ ನನ್ನ ದೇವರು. ದೇವರು ಆಗ ಜೀಪಿನಲ್ಲಿ ಕಲಬುರಗಿ ದಾರಿಯ ಒಂದೊಂದು ತೆಗ್ಗನ್ನೂ ಹಲ್ಲು ಕಚ್ಚಿ ದಾಟುತ್ತಿದ್ದ.

ಸೊಂಟದ ಎಲುಬು ಎರಡು ಕಡೆ ಮುರಿದಿತ್ತು. ರಾಡು ಹಾಕಿದರು. ಮೂರನೆಯ ದಿನ ಕಲ್ಯಾಣಕುಮಾರ ನಾಲ್ಕು ಸೇಬು, ಒಂದು ಕಾಗದ ಹಿಡಿದು ಬಂದ. ಬಂದವನೇ ಮಂಚದ ಕೆಳಗಿದ್ದ ಬೆಲ್ಟನ್ನು "ತನಿಖೆಗೆ ಬೇಕು" ಎಂದು ಚೀಲಕ್ಕೆ ಹಾಕಿಕೊಂಡ. ಆಮೇಲೆ ಕಾಗದ ಕೊಟ್ಟ. ಲಾಡ್ಲೆಸಾಬ ಅಕ್ಷರ ಕೂಡಿಸಿ ನಿಧಾನ ಓದುವವನು. ಏಳನೆಯ ಇಯತ್ತೆ ಕಲಿತ ಗೌಸಿಯಾಬೇಗಂ ಗಟ್ಟಿಯಾಗಿ ಓದಿದಳು. ಸದರಿ ಕಾರ್ಮಿಕನು ಅಧ್ಯಕ್ಷರ ಮೇಲಿನ ಅಭಿಮಾನದಿಂದ, ಸ್ವಇಚ್ಛೆಯಿಂದ, ಅನುಮತಿ ಪಡೆಯದೆ, ಸುರಕ್ಷತಾ ಬೆಲ್ಟ್ ಧರಿಸದೆ ಲಿಫ್ಟ್ ಏರಿ ಬಿದ್ದಿರುತ್ತಾನೆ.

ಗೌಸಿಯಾಬೇಗಂ ಕಾಗದ ಮಡಚಿದಳು. "ಅಭಿಮಾನ ಅಂದ್ರ ಯಾವ ಊರದ್ರಿ?"

ಲಾಡ್ಲೆಸಾಬ ಹೇಳಿದ: "ಬೆಲ್ಟ್ ಇರಲಿಲ್ಲಂದ್ರ ಈ ಸಹಿ ನಾ ಖಬರಸ್ತಾನದಾಗ ಮಾಡಬೇಕಿತ್ತು ಸಾಹೇಬ್ರ."

"ಬೆಲ್ಟ್ ಎಲ್ಲಿ ಅದ, ತೋರ್ಸು."

"ನಿಮ್ಮ ಚೀಲದಾಗ ಅದ."

"ನನ್ನ ಚೀಲದಾಗ ನನ್ನ ಸಾಮಾನ ಅದ." ಕಲ್ಯಾಣಕುಮಾರ ಮಂಚದ ಅಂಚಿಗೆ ಕೂತ. "ನೋಡು ಲಾಡ್ಲೆಸಾಬ, ತಪ್ಪು ಅಂದ್ರ ಯಾರದರೆ ಒಬ್ಬರದು ಆಗಬೇಕು. ನಿಂದಲ್ಲ ಅಂದಿ ಅಂದ್ರ ಜೈಭೀಮಂದು. ಲೀವರ್ ಅವನ ಕೈಯಾಗಿತ್ತು. ಅವನ ಮ್ಯಾಲ ಕೇಸ್ ಆಗತದ. ಜನವರಿ ಹತ್ತಕ್ಕ ತಪಾಸಣಿ ಮೇಡಂ ಬರ್ತಾರ. ಅಷ್ಟರಾಗ ವಿಚಾರ ಮಾಡು."

ತಪ್ಪು ಹಂಚುವುದರಲ್ಲಿ ಮಾತ್ರ ನಮ್ಮ ಅಧಿಕಾರಿಗಳು ಉದಾರಿಗಳು. ತಮಗೆಂದು ಚೂರೂ ಇಟ್ಟುಕೊಳ್ಳುವುದಿಲ್ಲ.

ಸಹಿ ಮಾಡಿದರೆ ಏನಾಗುತ್ತದೆಂದು ಲಾಡ್ಲೆಸಾಬನಿಗೆ ಗೊತ್ತಿತ್ತು. ಅಪಘಾತದ ರಜಿಸ್ಟರಿನಲ್ಲಿ ಅವನು ಬೆಲ್ಟಿಲ್ಲದೆ ಹತ್ತಿದವನಾಗುತ್ತಾನೆ. ಕಾನೂನಿನಂತೆ ಸಿಗಬೇಕಾದ ಪರಿಹಾರ ಹೋಗುತ್ತದೆ. ಅಂಥವನನ್ನು ಯಾವ ಗುತ್ತಿಗೆದಾರನೂ ಗೇಟಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅದೆಲ್ಲಕ್ಕಿಂತ ಅವನ ನಿದ್ದೆ ಕೆಡಿಸಿದ್ದು 'ಧರಿಸದೆ' ಎಂಬ ಒಂದು ಶಬ್ದ. ಮೂವತ್ತು ವರ್ಷ ಕಂಡಕಂಡವರಿಗೆ ಕೊಂಡಿ ಹಾಕು ಎಂದು ಬೈದು ಹೇಳಿದ ಬಾಯಿ ಅವನದು.

ಸಹಿ ಮಾಡದಿದ್ದರೆ ಜೈಭೀಮ.

ಡಿಸೆಂಬರಿನಲ್ಲಿ ಅವನನ್ನು ಖಜೂರಿಯ ಮನೆಗೆ ತಂದರು. ಬಂದುಹೋಗುವ ಲಾರಿಗಳಿಗೆ ಮನೆಯ ಗೋಡೆ ನಡುಗುತ್ತಿತ್ತು, ಜೊತೆಗೆ ಸೊಂಟದ ರಾಡೂ. ಒಂದು ಶುಕ್ರವಾರ ಜೈಭೀಮ ಬಂದು ಮಂಚದ ಪಕ್ಕ ಕೂತ.

"ಸಹಿ ಮಾಡಬ್ಯಾಡ್ರಿ ಮಾಮಾ."

"ನಿನಗ ಎರಡು ಸಣ್ಣ ಮಕ್ಕಳದಾವ ಲೇ."

"ನಿಮಗೇನು ಕೋಳಿಮರಿ ಅದಾವೇನ್ರಿ?"

"ನನ್ನ ಹುಡುಗ್ಯಾರದು ಲಗ್ನ ಆಗ್ಯದ. ನನ್ನ ಸೊಂಟ ಹ್ಯಾಂಗೂ ಹೋಗ್ಯದ. ಇನ್ನ ಹೆಸರು ಹೋದ್ರ ಏನಾಗತದ?"

"ಸೊಂಟಕ್ಕ ರಾಡ್ ಹಾಕ್ತಾರ," ಎಂದ ಜೈಭೀಮ. "ಹೆಸರಿಗೆ ಎಲ್ಲಿ ಹಾಕಸ್ತೀರಿ?"

ಲಾಡ್ಲೆಸಾಬ ಗೋಡೆಯ ಕಡೆ ಮುಖ ಮಾಡಿದ. ಆದರೆ ಮನಸ್ಸಿನಲ್ಲಿ ಆಗಲೇ ಸಹಿ ಮಾಡಿಬಿಟ್ಟಿದ್ದ.

ಜನವರಿ ಐದಕ್ಕೆ ಕಲ್ಯಾಣಕುಮಾರ ಬಂದ. ಬರಿಗೈಯಲ್ಲಿ ಬರಲಿಲ್ಲ. ಎರಡು ಕಿಲೋ ಸಕ್ಕರೆ, ಕಾರ್ಖಾನೆಯ ಹೊಸ ಕ್ಯಾಲೆಂಡರಿನ ಸುರುಳಿ, ಅದೇ ಕಾಗದ, ಒಂದು ಪೆನ್ನು. ಈ ವರ್ಷದ ಕ್ಯಾಲೆಂಡರ್ ಅವನದೇ ಉಸ್ತುವಾರಿ. ಸೋಲಾಪುರದ ಪ್ರೆಸ್ಸಿಗೆ ಮೂರು ಸಲ ಹೋಗಿ, ಸಾಹುಕಾರರ ಬಿರುದುಗಳಲ್ಲಿ ಒತ್ತಕ್ಷರ ಬಿಟ್ಟಿಲ್ಲವೆಂದು ನೋಡಿ, ಅವರ ಮುಖದ ಬಣ್ಣವನ್ನು ಎರಡು ಸಲ ಬೆಳ್ಳಗೆ ಮಾಡಿಸಿ ಅಚ್ಚು ಹಾಕಿಸಿದ್ದ. ಹದಿನೆಂಟು ಸಾವಿರ ಪ್ರತಿ. ಆಳಂದ, ಅಫಜಲಪುರ, ಜೇವರ್ಗಿಯ ಕಬ್ಬಿನ ರೈತರ ಮನೆಮನೆಗೂ ಒಂದೊಂದು ಆಗಲೇ ಹೋಗಿತ್ತು.

"ಅಕ್ಕಾ, ಗೋಡಿಗೆ ಹಾಕ್ರಿ. ನಮ್ಮ ಸಾಹುಕಾರ್ರು ಮನಿಗೆ ಬಂದಂಗ," ಎಂದು ಸುರುಳಿಯನ್ನು ಗೌಸಿಯಾಬೇಗಂಗೆ ಕೊಟ್ಟು, ಪೆನ್ನನ್ನು ಲಾಡ್ಲೆಸಾಬನಿಗೆ ಕೊಟ್ಟ.

ಲಾಡ್ಲೆಸಾಬ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡ. "ಇದರಾಗ ಜೈಭೀಮನ ಹೆಸರು ಇಲ್ಲಲ್ರಿ?"

"ಇಲ್ಲ."

"ಮುಂದನೂ ಬರಂಗಿಲ್ಲಲ್ರಿ?"

"ನನ್ನ ಮ್ಯಾಲ ಭರೋಸ ಇಲ್ಲೇನು?"

ಆ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಗೌಸಿಯಾಬೇಗಂ ಮಂಚದ ಎದುರಿನ ಮೊಳೆಗೆ ಕ್ಯಾಲೆಂಡರ್ ಹಾಕಿ, ಹಿಂದೆ ಸರಿದು, ಸೊಟ್ಟಗಿದೆಯೇ ಎಂದು ನೋಡಿದಳು. ಕ್ಯಾಲೆಂಡರ್ ನೆಟ್ಟಗಿತ್ತು. ಅದರೊಳಗಿನದ್ದು ಸೊಟ್ಟಗಿತ್ತು. ಅವಳು ಹತ್ತಿರ ಹೋದಳು.

"ಅಜೀ," ಎಂದಳು. "ಇಧರ್ ದೇಖೊ."

ನಡುವೆ ಸಾಹುಕಾರರು, ಕಣ್ಣು ಮುಚ್ಚಿ, ಕೈ ಮುಗಿದು. ಮೇಲಿಂದ ಹಳದಿ ಹೂವಿನ ಮಳೆ. ಮಳೆ ಎಲ್ಲಿಂದಲೋ ಬರಬೇಕಲ್ಲ, ಬಲಮೂಲೆಯಲ್ಲಿ ಬುಟ್ಟಿ. ಬುಟ್ಟಿಯಲ್ಲಿ ಎರಡನೆಯ ಚೀಲ ಕೊಡವುತ್ತಿರುವ ಲಾಡ್ಲೆಸಾಬ. ಭುಜದ ಮೇಲೆ ಎರಡು ಹಸಿರು ಗಿಳಿ. ಬೆನ್ನಿನಿಂದ ಹೊರಟ ಹಗ್ಗ, ಹಗ್ಗದ ತುದಿಗೆ ಕೊಂಡಿ, ಕೊಂಡಿ ಬಳೆಯೊಳಗೆ. ಕೆಳಗೆ, ಕಾರ್ಪೆಟ್ಟಿನ ಅಂಚಿನಲ್ಲಿ, ಮಣ್ಣಿನಲ್ಲಿ ಹೂಳತೊಡಗಿದ ಗಾಲಿ. ತಳದಲ್ಲಿ ದಪ್ಪ ಅಕ್ಷರದಲ್ಲಿ ಕಾರ್ಖಾನೆಯ ಹೆಸರು, ಹಂಗಾಮಿನ ಪ್ರಾರಂಭೋತ್ಸವ, ತಾರೀಖು. ಸಾಕ್ಷಿ ನುಡಿಯಲು ಇನ್ನೇನು ಬೇಕು?

"ನನ್ನ ಹೊಲಿಗಿ ಅದು," ಎಂದಳು ಗೌಸಿಯಾಬೇಗಂ. "ಎಡಗಡಿ ದಾರ ಕಮ್ಮಿ ಬಿದ್ದು ಬಿಳಿ ದಾರ ಹಾಕಿದ್ದೆ. ಅದೂ ಕಾಣಾಕತ್ತದ."

ಕಲ್ಯಾಣಕುಮಾರ ಎದ್ದು ಬಂದು ನೋಡಿದ. ತಾನು ಮೂರು ಸಲ ತಿದ್ದಿದ ಹಾಳೆಯನ್ನು ಅವನು ಮೊದಲ ಸಲ ನೋಡಿದ್ದು ಆಗ. ಕೈ ತಾನಾಗಿ ಮೊಳೆಯ ಕಡೆ ಹೋಯಿತು.

"ಇದು... ಪ್ರಿಂಟ್ ತಪ್ಪಾಗ್ಯದ. ಬ್ಯಾರೆ ಕೊಡತೇನಿ."

ಗೌಸಿಯಾಬೇಗಂ ಗೋಡೆಗೆ ಬೆನ್ನು ಕೊಟ್ಟು ನಿಂತಳು. "ಕೊಟ್ಟದ್ದು ವಾಪಸ್ ಒಯ್ಯಬಾರ್ದ್ರಿ ಸಾಹೇಬ್ರ. ಸಾಹುಕಾರ್ರು ಮನಿಗೆ ಬಂದಂಗ ಅಂದ್ರಿ. ಬಂದಾವ್ರು ಚಹಾನೂ ಕುಡಿಲಾರ್ದ ಹ್ಯಾಂಗ ಹೋಗ್ತಾರ?"

ಲಾಡ್ಲೆಸಾಬ ಪೆನ್ನಿಗೆ ಟೊಪ್ಪಿಗೆ ಹಾಕಿ ವಾಪಸ್ ಕೊಟ್ಟ.

ಮುಂದಿನ ನಾಲ್ಕು ದಿನ ಕಲ್ಯಾಣಕುಮಾರ ಓಡಾಡಿದಷ್ಟು ತನ್ನ ಇಡೀ ನೌಕರಿಯಲ್ಲಿ ಓಡಾಡಿರಲಿಲ್ಲ. ಜೀಪು ತೆಗೆದುಕೊಂಡು ಊರೂರು ತಿರುಗಿ ಕ್ಯಾಲೆಂಡರ್ ವಾಪಸ್ ಕೇಳಿದ. ಅತನೂರಿನ ಖಂಡಪ್ಪ ಕೊಡಲು ಒಪ್ಪಲಿಲ್ಲ: "ಎಮ್ಮಿ ಕಟ್ಟಿಸಿದ ತಾರೀಖು ಬರ್ದೇನ್ರಿ ಅದರಾಗ. ನೀವು ಒಯ್ದ್ರ ಅದು ಯಾವಾಗ ಈಯಬೇಕು?" ಕಡಗಂಚಿಯ ಚಹಾದಂಗಡಿಯವನು ಗಲ್ಲಾದಿಂದ ಕತ್ತೆತ್ತಿ ಮೆಲ್ಲಗೆ ಕೇಳಿದ: "ಯಾಕ್ರಿ, ಸಾಹುಕಾರ್ರು ತೀರಕೊಂಡ್ರೇನು?" ಅಲ್ಲಿಯವರೆಗೆ ಆ ಚಿತ್ರವನ್ನು ಯಾರೂ ಸರಿಯಾಗಿ ನೋಡಿರಲಿಲ್ಲ, ತಾರೀಖಿನ ಕೆಲಸವಷ್ಟೆ. ವಾಪಸ್ ಕೇಳಿದ ಮೇಲೆ ಮೂರು ತಾಲೂಕಿನ ಜನ ಹತ್ತಿರ ಹೋಗಿ ನೋಡಿದರು.

ತಪಾಸಣೆಯ ಮೇಡಂ ನಾಗರತ್ನಾ ಹತ್ತನೆಯ ತಾರೀಖು ಬಂದಾಗ ಅವರ ಕಂಕುಳಲ್ಲೂ ಒಂದು ಸುರುಳಿ ಇತ್ತು. ಜೇವರ್ಗಿಯ ಅವರ ತವರಿನಲ್ಲಿ ಕಬ್ಬಿನ ಹೊಲವಿದೆ. ಅಡುಗೆಮನೆಯ ಗೋಡೆಯಿಂದ ತೆಗೆದುಕೊಂಡು ಬಂದಿದ್ದರು. ಅರಿಶಿನದ ಕೈಯ ಗುರುತೂ ಇತ್ತು. ಅದನ್ನು ಮೇಜಿನ ಮೇಲೆ ಹಾಸಿ, ಬಲಮೂಲೆಯ ಮೇಲೆ ಬೆರಳಿಟ್ಟು, "ಇವರು ಯಾರ್ರಿ?" ಎಂದರು.

ಕಲ್ಯಾಣಕುಮಾರ ಸಾಹುಕಾರರ ಬಿರುದುಗಳನ್ನು ಹೇಳತೊಡಗಿದ.

"ಅವ್ರಲ್ಲ. ಮ್ಯಾಲಿನಾವ್ರು."

ಆಮೇಲೆ ಜೈಭೀಮನನ್ನು ಕರೆದು ಎಲ್ಲ ಕೇಳಿಕೊಂಡು, ಬುಟ್ಟಿಗಾಡಿಯ ಹತ್ತಿರ ಹೋದರು. ಕಪ್ಪು ಟೇಪು ಸುತ್ತಿದ ವೈರು ಎರಡು ತಿಂಗಳಾದರೂ ಹಾಗೆಯೇ ಜೋತುಬಿದ್ದಿತ್ತು. ಮುಂದಿನ ಭಾಷಣಕ್ಕೆ ಬೇಕಾಗಬಹುದೆಂದು ಬಿಟ್ಟಿದ್ದರೋ, ಮೈಗಳ್ಳತನವೋ. ಎರಡೂ ಅವರಿಗೆ ಒಪ್ಪುವ ಕಾರಣಗಳೇ.

"ಇದು ಯಾಕ ತಗದೀರಿ?"

"ಸದ್ದು ಮಾಡತದ್ರಿ ಮೇಡಂ."

"ಸದ್ದು ಮಾಡಲಿ ಅಂತನ ಕೂಡ್ಸ್ಯಾರ್ರಿ ಅದನ್ನ."

ಲಾಡ್ಲೆಸಾಬನನ್ನು ಜೀಪಿನಲ್ಲಿ ಕರೆತಂದಿದ್ದರು. ವಾಕರ್ ಹಿಡಿದು ಕಚೇರಿಯ ಮೂರು ಮೆಟ್ಟಿಲು ಏರಲು ಅವನಿಗೆ ಹತ್ತು ನಿಮಿಷ ಬೇಕಾಯಿತು. ಮೂವತ್ತು ಅಡಿಗಿಂತ ಅವು ಎತ್ತರವಾಗಿದ್ದವು. ಮೇಡಂ ಹೇಳಿದಂತೆ ಕಲ್ಯಾಣಕುಮಾರ ತನ್ನ ಕೈಯಾರೆ ರಜಿಸ್ಟರಿನಲ್ಲಿ ಬರೆಯಬೇಕಾಯಿತು. ಕಾರ್ಮಿಕನು ಅಧಿಕಾರಿಯ ಆದೇಶದಂತೆ, ಸ್ವಂತ ಬೆಲ್ಟ್ ಧರಿಸಿ, ಕೊಂಡಿ ಹಾಕಿಕೊಂಡು ಏರಿದ್ದನು. ಎಚ್ಚರಿಕೆಯ ತಂತಿ ತೆಗೆದದ್ದರಿಂದಲೂ ಮೆತ್ತನೆಯ ನೆಲದಲ್ಲಿ ಗಾಡಿ ನಿಲ್ಲಿಸಿದ್ದರಿಂದಲೂ ಅಪಘಾತ. ಚಾಲಕನ ತಪ್ಪಿಲ್ಲ.

"ಇನ್ನೊಮ್ಮೆ ಓದ್ರಿ," ಎಂದ ಲಾಡ್ಲೆಸಾಬ.

ಕಲ್ಯಾಣಕುಮಾರ ಇನ್ನೊಮ್ಮೆ ಓದಿದ.

"'ಧರಿಸಿ' ಅನ್ನೂದು ಸ್ವಲ್ಪ ಗಟ್ಟಿಯಾಗಿ ಓದ್ರಿ. ಲಾರಿ ಸದ್ದಿನಾಗ ಕೇಳಲಿಲ್ಲ."

ಅಲ್ಲಿ ಆಗ ಯಾವ ಲಾರಿಯೂ ಇರಲಿಲ್ಲ.

ಸಾಹುಕಾರರು ಸುಮ್ಮನೆ ಕೂರುವವರೇ? ಬೆಲ್ಟ್ ಧರಿಸಿದ ಕಾರ್ಮಿಕನ ಚಿತ್ರವನ್ನು ಮನೆಮನೆಗೆ ತಲುಪಿಸಿ ಜಾಗೃತಿ ಮೂಡಿಸಬೇಕೆಂಬುದು ಮೊದಲಿನಿಂದಲೂ ತಮ್ಮ ಕನಸಾಗಿತ್ತೆಂದು ಒಂದು ಸಭೆಯಲ್ಲಿ ಹೇಳಿದರು. ಅದಕ್ಕೂ ಮುಂದಿನ ಸಾಲು ಚಪ್ಪಾಳೆ ತಟ್ಟಿತು. ಆ ಸಾಲಿಗೆ ಬೇರೆ ಕೆಲಸ ಬರುವುದಿಲ್ಲ.

ಲಾಡ್ಲೆಸಾಬ ಇನ್ನು ಮೇಲೆ ಹತ್ತಲಾರ. ಪರಿಹಾರದ ಜೊತೆಗೆ ಗಾಜಿನ ಕಪಾಟಿನ ಬೀಗದ ಕೈ ಅವನ ಕೈಗೆ ಬಂದಿದೆ. ಕಪಾಟಿನ ಪಕ್ಕ ಕುರ್ಚಿ ಹಾಕಿ ಕೂತು, ಕೇಳಿದವರಿಗೂ ಕೇಳದವರಿಗೂ ಬೆಲ್ಟ್ ಕೊಡುತ್ತಾನೆ. ಹನ್ನೆರಡೂ ಬೆಲ್ಟ್ ಹೊಲಸಾಗಿವೆ. ಬುಟ್ಟಿಗೆ ಈಗ ಹತ್ತುವವನು ಜೈಭೀಮ; ಆ ಹೊತ್ತಿಗೆ ಕುರ್ಚಿಯನ್ನು ಗಾಡಿಯ ಹತ್ತಿರ ಹಾಕಿಸಿಕೊಂಡು ಲೀವರ್ ಎಳೆಯುವವನು ಲಾಡ್ಲೆಸಾಬ. ಕೂಗುವವನು, ಉತ್ತರ ಕೊಡುವವನು ಅದಲುಬದಲಾಗಿದ್ದಾರೆ, ಮಾತು ಅದೇ.

ಜೈಭೀಮನ ಬೆಲ್ಟಿನ ಭುಜಕ್ಕೆ ಹಸಿರು ಮಖಮಲ್ಲು ಹೊಲಿಯಲು ಗೌಸಿಯಾಬೇಗಂ ಅದನ್ನು ಖಜೂರಿಗೆ ತರಿಸಿಕೊಂಡಿದ್ದಳು. ಹೊಲಿದು ಮುಗಿಸಿ, ಅವನು ಬಂದು ಒಯ್ಯುವವರೆಗೆ ಇರಲೆಂದು ಎದುರಿನ ಮೊಳೆಗೆ ಸಿಗಿಸಿದಳು. ಕ್ಯಾಲೆಂಡರ್ ತೂಗುತ್ತಿದ್ದ ಮೊಳೆಯೇ ಅದು. ದಪ್ಪ ಪಟ್ಟಿಗಳು ಸಾಹುಕಾರರ ಮುಖ, ಮುಗಿದ ಕೈ, ಬಿರುದು ಎಲ್ಲವನ್ನೂ ಮುಚ್ಚಿದವು. ಮಂಚದಿಂದ ನೋಡಿದರೆ ಈಗ ಬಲಮೂಲೆಯೊಂದೇ ಕಾಣುತ್ತದೆ. ಜೈಭೀಮ ಎರಡು ಸಲ ಬಂದು ಹೋದ. ಬೆಲ್ಟನ್ನು ಇನ್ನೂ ಕೊಟ್ಟಿಲ್ಲ; ಸದ್ಯ ಕಪಾಟಿನ ಇನ್ನೊಂದು ಬೆಲ್ಟ್ ಹಾಕಿಕೊಂಡು ಹತ್ತುತ್ತಾನೆ. ಹೊಲಿಗೆ ಚೂರು ಬಾಕಿ ಇದೆ ಎನ್ನುತ್ತಾಳೆ.